ಪಾರ್ಚ್‌ಮೆಂಟ್ ಗೋಡೆ, ಕಿಟಕಿಯಾಚೆಯ ಹಸಿರು

"ಅಕ್ಕ, ಹಸಿರನ್ನು ದುಡ್ಡು ಕೊಟ್ಟು ಡಬ್ಬದಲ್ಲಿ ತರೋ ಮೊದಲು ಒಂದು ಸಲ ಹಾಲ್‌ನ ಕಿಟಕಿ ಪೂರ್ತಿ ತೆಗೆದು ನೋಡಿ" ಅಂದೆ.

ಬೇಲಿಯಾಚೆ ಅಕ್ಕ ಕೊಡೆ ಹಿಡಿದುಕೊಂಡೇ ಮೊಬೈಲ್ ಚಾಚಿದ್ದರು. ಮಳೆ ಸ್ವಲ್ಪ ಹೊಳವಾಗಿತ್ತು. ದಾಸವಾಳದ ಬೇಲಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಬೆಂಗಳೂರಿನಲ್ಲಿರುವ ಸೊಸೆ ಕಳಿಸಿದ ಚಿತ್ರ ಅದು. ಮೂರು ಗೋಡೆ ಬೀಜ್ ಬಣ್ಣ, ಸೋಫಾದ ಹಿಂದಿನ ಗೋಡೆ ಮಾತ್ರ ಕಡು ಹಸಿರು, ನೆಲ ಮುಟ್ಟುವ ಹಸಿರು ಪರದೆ, ಮೂಲೆಯಲ್ಲಿ ಅಗಲ ಎಲೆಯ ಗಿಡವೊಂದರ ಕುಂಡ. "ಹುತ್ತರಿ ಹಬ್ಬಕ್ಕೆ ಎಲ್ಲರೂ ಬರ್ತಾರಲ್ಲ ಟೀಚರೇ, ಅಷ್ಟರೊಳಗೆ ನಮ್ಮ ಹಾಲ್ ಹೀಗೆ ಮಾಡಿಸೋಣ ಅಂತಾಳೆ. ನೋಡೋಕೆ ಚಂದವೇ ಇದೆ. ನಮ್ಮ ಮನೆಗೆ ಒಗ್ಗುತ್ತಾ ಅಂತ ನನಗೆ ಅನುಮಾನ."

ಒಗ್ಗುತ್ತದೆ. ಈ ಜೋಡಿ ಕೊಡಗಿಗೆ ಒಗ್ಗದೆ ಇನ್ಯಾವ ಊರಿಗೆ ಒಗ್ಗೀತು? ಆದರೆ ಆ ಚಿತ್ರದಲ್ಲಿದ್ದಂತೆಯೇ ಮಾಡಿದರೆ ಒಗ್ಗುವುದಿಲ್ಲ. ಚಿತ್ರದ ಕಿಟಕಿಯಲ್ಲಿ ಬಿಳಿ ಆಕಾಶ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅಂಥ ಕಡೆ ಹಸಿರು ಬೇಕೆಂದರೆ ಗೋಡೆಗೆ ಬಳಿದೇ ತರಬೇಕು. ಅಕ್ಕನ ಹಾಲ್‌ನ ಕಿಟಕಿ ತೆಗೆದರೆ ಮೊದಲು ಕಾಫಿ ಗಿಡ, ಅದರ ಮೇಲೆ ಹಾಲುವಾಣ, ಇನ್ನೂ ಮೇಲೆ ಕರಿಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್, ಆಚೆಗೆ ನಂದಿ, ಹೊನ್ನೆ. ಮಳೆಗಾಲದಲ್ಲಿ ಈ ಹಸಿರು ಕಿಟಕಿಯ ಹೊರಗೆ ಸುಮ್ಮನೆ ನಿಂತಿರುವುದೂ ಇಲ್ಲ. ಎಲೆಗಳ ಮೇಲೆ ಬಿದ್ದ ಬೆಳಕು ಹಸಿರಾಗಿ ಒಳಗೆ ಬಂದು ಎದುರು ಗೋಡೆಯ ಮೇಲೆ ಕೂರುತ್ತದೆ. ನಮ್ಮ ಕಡೆ ಬಿಳಿ ಸುಣ್ಣ ಹೊಡೆದ ಗೋಡೆಯೂ ಮಧ್ಯಾಹ್ನದ ಹೊತ್ತಿಗೆ ಒಂಚೂರು ಹಸಿರಾಗಿಯೇ ಕಾಣುತ್ತದೆ. ತೋಟದ ನಡುವೆ ಮನೆ ಇರುವವರು ಇದನ್ನು ದಿನವೂ ನೋಡಿರುತ್ತಾರೆ, ಬಣ್ಣದಂಗಡಿಗೆ ಹೋದಾಗ ಮಾತ್ರ ನೆನಪಿರುವುದಿಲ್ಲ.

ಅದಕ್ಕೇ ನಾನು ಅಕ್ಕನಿಗೆ ಹೇಳಿದ್ದು: ನಮ್ಮ ಹಾಲ್‌ಗಳಲ್ಲಿ ಹಸಿರು ಆಗಲೇ ಇದೆ. ನಾವು ಯೋಚನೆ ಮಾಡಿ ಆರಿಸಬೇಕಾದ್ದು ಬೀಜ್ ಬಣ್ಣವನ್ನು.

"ಬೀಜ್ ಅಂದರೆ ಯಾವುದು ಅಂತ ಹೇಳ್ತೀರಿ? ಅಂಗಡಿಯ ಕಾರ್ಡಿನಲ್ಲಿ ಅದೇ ಒಂದು ಪುಟ ತುಂಬಾ ಇರುತ್ತೆ" ಅಂದರು ಅಕ್ಕ.

ಅದಕ್ಕೆ ಕಾರ್ಡು ಯಾಕೆ, ಅವರ ಸ್ಟೋರಿನಲ್ಲೇ ಮೂಟೆ ಇದೆ. ಅರೇಬಿಕಾ ಹಣ್ಣನ್ನು ಪಲ್ಪರಿಗೆ ಕೊಟ್ಟು, ತೊಳೆದು, ಕಣದಲ್ಲಿ ಹರಡಿ ಒಣಗಿಸಿದ ಪಾರ್ಚ್‌ಮೆಂಟ್ ಯಾವ ಬಣ್ಣವೋ ಅದೇ ನಮ್ಮ ಬೀಜ್. ಒಂದು ಕಾಳು ಅಂಗೈಯಲ್ಲಿಟ್ಟುಕೊಂಡು ನೋಡಿ. ಮೇಲಿನ ಸಿಪ್ಪೆ ತೆಳ್ಳಗೆ, ಗರಿಗರಿ, ಒಣಹುಲ್ಲಿಗಿಂತ ಒಂದು ಪಟ್ಟು ತಿಳಿ. ಹಳದಿಯ ಛಾಯೆ ಇದೆ, ಅದರೊಳಗೆ ತೀರಾ ಸಣ್ಣಗೆ ಕೆಂಪೂ ಇದೆ. ಸಿಪ್ಪೆಯನ್ನು ಉಗುರಿನಿಂದ ಬಿಡಿಸಿದರೆ ಒಳಗಿನ ಬೇಳೆ ನೀಲಿ ಬೆರೆತ ಹಸಿರು. ಅದರ ಗೀರಿನ ಸಂದಿಯಲ್ಲಿ ಬೆಳ್ಳಿಯಂಥ ತೆಳು ಪೊರೆ. ಸೊಸೆ ಕಳಿಸಿದ ಎರಡು ಬಣ್ಣವೂ ಅದೊಂದೇ ಕಾಳಿನಲ್ಲಿವೆ, ಎಷ್ಟೆಷ್ಟು ಪ್ರಮಾಣದಲ್ಲಿ ಇರಬೇಕು ಅನ್ನುವುದೂ ಇದೆ. ಹೊರಗೆಲ್ಲ ಬೀಜ್, ಹುಡುಕಿದವರಿಗೆ ಹಸಿರು. ಅಕ್ಕ ಮೂಟೆಯಿಂದ ಒಂದು ಹಿಡಿ ತಂದು ಚಿತ್ರದ ಪಕ್ಕ ಹಿಡಿದರು. ಚಿತ್ರದ ಬೀಜ್ ಅದರ ಮುಂದೆ ಬೂದಿಯ ಹಾಗೆ ಕಂಡಿತು.

ಆ ವ್ಯತ್ಯಾಸದಲ್ಲೇ ಎಲ್ಲ ಇರುವುದು. ಬೀಜ್‌ನಲ್ಲಿ ಎರಡು ಜಾತಿ. ಒಂದರ ತಳದಲ್ಲಿ ಬೂದು ಇರುತ್ತದೆ, ಇನ್ನೊಂದರ ತಳದಲ್ಲಿ ಹಳದಿ ಮತ್ತು ಕೆಂಪು. ಬಿಸಿಲು ಹೊಡೆಯುವ ಬಯಲುಸೀಮೆಯ ಮನೆಯಲ್ಲಿ ಬೂದು ತಳದ್ದು ತಂಪಾಗಿ, ನಾಜೂಕಾಗಿ ಕಾಣುತ್ತದೆ. ನಮ್ಮ ಕಡೆ ಹಾಗಲ್ಲ. ಮಡಿಕೇರಿಗೆ ವರ್ಷಕ್ಕೆ ಬೀಳುವ ಮಳೆ 120 ಇಂಚು ಮೀರುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ತಿಂಗಳುಗಳಲ್ಲಿ ಮಂಜು ಅಂಗಳದವರೆಗೆ ಬಂದು ನಿಂತಿರುತ್ತದೆ, ನಾಲ್ಕು ಗಂಟೆಗೇ ದೀಪ ಹಾಕಬೇಕು. ಆ ಬೆಳಕಿನಲ್ಲಿ ಬೂದು ತಳದ ಬೀಜ್ ಒದ್ದೆ ಸಿಮೆಂಟಿನ ಬಣ್ಣಕ್ಕೆ ತಿರುಗುತ್ತದೆ; ಮೇಲಿಂದ ಎಲೆಯ ಹಸಿರು ಬಿದ್ದರೆ ಪಾಚಿ ಕಟ್ಟಿದ ಹಾಗೆ. ತಳದಲ್ಲಿ ಒಂಚೂರು ಕೆಂಪು ಇದ್ದರೆ ಅದು ಈ ಹಸಿರನ್ನು ಸರಿದೂಗಿಸುತ್ತದೆ, ಕೋಣೆ ಬೆಚ್ಚಗೆ ಕಾಣುತ್ತದೆ. ಕುಶಾಲನಗರದ ಕಡೆ ನಮ್ಮ ಅರ್ಧದಷ್ಟೂ ಮಳೆ ಇಲ್ಲ, ಬಿಸಿಲು ಚೆನ್ನಾಗಿದೆ. ಅಲ್ಲಿಯವರು ಸೊಸೆ ಹೇಳಿದ ಬಣ್ಣವನ್ನೇ ಹಚ್ಚಿಕೊಳ್ಳಬಹುದು. ಒಂದೇ ಜಿಲ್ಲೆಯಾದರೂ ಒಂದೇ ಡಬ್ಬ ಎಲ್ಲರಿಗೂ ಸಲ್ಲುವುದಿಲ್ಲ.

ದೀಪದ ವಿಷಯವೂ ಇದಕ್ಕೆ ಸೇರಿದ್ದು. ಎಲ್‌ಇಡಿ ಬಲ್ಬಿನ ಡಬ್ಬದ ಮೇಲೆ ಕೆಲ್ವಿನ್ ಅಂತ ಒಂದು ಸಂಖ್ಯೆ ಬರೆದಿರುತ್ತಾರೆ. 6,500 ಎಂದಿದ್ದರೆ ಬಿಳಿ ನೀಲಿ ಬೆಳಕು, 2,700 ಅಥವಾ 3,000 ಎಂದಿದ್ದರೆ ಹಳೆಯ ಬಲ್ಬಿನ ಹಾಗೆ ಹಳದಿ ಬೆಳಕು. ಎಷ್ಟೇ ಒಳ್ಳೆಯ ಪಾರ್ಚ್‌ಮೆಂಟ್ ಬಣ್ಣ ಬಳಿಸಿದರೂ ಮೊದಲನೆಯದರ ಕೆಳಗೆ ಅದು ಸತ್ತುಹೋಗುತ್ತದೆ. ಬಣ್ಣಕ್ಕೆ ಸಾವಿರಗಟ್ಟಲೆ ಸುರಿದು ನೂರು ರೂಪಾಯಿಯ ಬಲ್ಬಿನಲ್ಲಿ ಕೆಡಿಸಿಕೊಂಡ ಹಾಲ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಈ ಮಾತಿಗೆ ಅಕ್ಕ ತಲೆ ಆಡಿಸಿದರು. ಆದರೂ ಹಸಿರು ಗೋಡೆಯ ಆಸೆ ಅವರಿಗೆ ಪೂರ್ತಿ ಹೋಗಿರಲಿಲ್ಲ. "ಒಂದೇ ಒಂದು ಗೋಡೆ ತಾನೇ?" ಅಂದರು.

ಅವರ ಹಾಲ್‌ನ ನೆಲ ರೆಡ್ ಆಕ್ಸೈಡಿನದು. ಮಾವನವರ ಕಾಲದಲ್ಲಿ ಉಜ್ಜಿ ಉಜ್ಜಿ ಹೊಳಪು ತರಿಸಿದ ನೆಲ. ಈಗಲೂ ಒರೆಸಿದ ಮೇಲೆ ಕಿಟಕಿಯ ಸರಳುಗಳು ಅದರಲ್ಲಿ ಕಾಣುತ್ತವೆ. ಕೆಂಪಿನ ಪಕ್ಕ ಹಸಿರು ಇಟ್ಟರೆ ಒಂದು ಇನ್ನೊಂದನ್ನು ಕೆರಳಿಸುತ್ತದೆ. ಕೆಂಪು ಇನ್ನಷ್ಟು ಕೆಂಪಾಗಿ, ಹಸಿರು ಇನ್ನಷ್ಟು ಹಸಿರಾಗಿ ಕಣ್ಣಿಗೆ ಹೊಡೆಯುತ್ತವೆ. ಚಿತ್ರದಲ್ಲಿ ಇರುವುದು ತಿಳಿ ಬಣ್ಣದ ಟೈಲ್ಸ್ ನೆಲ, ಅಲ್ಲಿ ಆ ಕಾದಾಟವಿಲ್ಲ. ಇಂಥ ನೆಲವನ್ನು ಟೈಲ್ಸ್ ಹಾಕಿ ಮುಚ್ಚಬೇಡಿ ಎಂದು ನಾನು ಕೈ ಮುಗಿದು ಹೇಳುತ್ತೇನೆ, ಅಕ್ಕನಿಗೂ ಹೇಳಿದೆ. ಕೆಂಪು ನೆಲ, ಬೀಟೆ ಮರದ ಕುರ್ಚಿ, ಪಾರ್ಚ್‌ಮೆಂಟ್ ಗೋಡೆ: ಈ ಮೂರು ಇದ್ದರೆ ಹಸಿರಿಗೆ ಉಳಿಯುವ ಜಾಗ ಚಿಕ್ಕದು. ಕಿಟಕಿಯ ಚೌಕಟ್ಟು, ಬಾಗಿಲು, ದಿಂಬಿನ ಕವರು, ಅಷ್ಟೇ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಕಿಟಕಿ ಬಾಗಿಲಿಗೆ ಕಡು ಹಸಿರು ಆಯಿಲ್ ಪೇಂಟ್ ಹೊಡೆಸುತ್ತಿದ್ದರಲ್ಲ, ಅದರಲ್ಲಿ ಬುದ್ಧಿವಂತಿಕೆ ಇತ್ತು. ಚೌಕಟ್ಟಿನ ಹಸಿರು ತೋಟದ ಹಸಿರಿಗೆ ಸೇರಿಕೊಂಡುಬಿಡುತ್ತದೆ, ಕಿಟಕಿ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಹಸಿರು ಗೋಡೆಯ ಆಸೆಯಿಂದ ಜನ ಪ್ರಾಣಕ್ಕೇ ಕುತ್ತು ತಂದುಕೊಂಡ ಕಥೆಯೂ ಇದೆ. 1775ರಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಶೀಲೆ ತಾಮ್ರ ಮತ್ತು ಆರ್ಸೆನಿಕ್ ಸೇರಿಸಿ ಹೊಳೆಯುವ ಹಸಿರೊಂದನ್ನು ಕಂಡುಹಿಡಿದ. ಆರ್ಸೆನಿಕ್ ಅಂದರೆ ಪಾಷಾಣ. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ಮನೆಗಳ ಗೋಡೆಗೆ ಅಂಟಿಸುವ ಎಷ್ಟೋ ಕಾಗದಗಳಿಗೆ ಇಂಥ ಹಸಿರೇ ಬಣ್ಣ. ಒಣ ಮನೆಗಿಂತ ಥಂಡಿ ಹಿಡಿದ ಮನೆಯಲ್ಲಿ ಅಪಾಯ ಜಾಸ್ತಿ; ಬೂಷ್ಟು ಬಂದ ಕಾಗದದಿಂದ ವಿಷದ ಗಾಳಿ ಹೊರಡುತ್ತದೆ ಎಂದು 1890ರ ದಶಕದಲ್ಲಿ ಇಟಲಿಯ ಗೋಸಿಯೋ ಎಂಬ ವೈದ್ಯ ತೋರಿಸಿಕೊಟ್ಟ. ಈಗಿನ ಬಣ್ಣಗಳಲ್ಲಿ ಆ ವಿಷವಿಲ್ಲ, ಹೆದರುವ ಕಾರಣವಿಲ್ಲ. ಆದರೆ ಬೂಷ್ಟು ಮಾತ್ರ ಈಗಲೂ ನಮ್ಮದೇ, ಕಡು ಬಣ್ಣದ ಗೋಡೆಯ ಮೇಲೆ ಅದರ ಬಿಳಿ ಮಚ್ಚೆಗಳು ಮೈಲಿ ದೂರಕ್ಕೆ ಕಾಣುತ್ತವೆ.

ಅಕ್ಕ ನಕ್ಕು, "ಬೂಷ್ಟಿನ ಮಾತು ಎತ್ತಬೇಡಿ, ಹೋದ ವರ್ಷ ಹಾಕಿಸಿದ ಬಣ್ಣ ಆಗಲೇ ಹಪ್ಪಳ ಎದ್ದಿದೆ" ಅಂದರು.

ಹಪ್ಪಳ ಏಳದೆ ಇನ್ನೇನು? ಮಳೆಗಾಲದಲ್ಲಿ ಗೋಡೆ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಅದನ್ನು ಬಿಡಬೇಕು. ಹಳೆಯ ಮಣ್ಣಿನ ಗೋಡೆಯಾದರಂತೂ ಸರಿಯೇ ಸರಿ. ಮೇಲೆ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಮೆತ್ತಿಬಿಟ್ಟರೆ ಆ ತೇವ ಹೋಗುವುದೆಲ್ಲಿಗೆ? ಬಣ್ಣವನ್ನೇ ಎತ್ತಿಕೊಂಡು ಹೊರಬರುತ್ತದೆ. ಸುಣ್ಣ ಹಾಗಲ್ಲ, ತೇವವನ್ನು ಹೊರಗೆ ಬಿಡುತ್ತದೆ. ಅದರ ಕ್ಷಾರಕ್ಕೆ ಬೂಷ್ಟೂ ಬೇಗ ಹತ್ತುವುದಿಲ್ಲ. ಸುಣ್ಣ ಅಂದರೆ ಬರೀ ಬಿಳಿ, ಬಡವರ ಬಣ್ಣ ಎಂಬ ಭಾವನೆ ಹೇಗೋ ಬಂದುಬಿಟ್ಟಿದೆ. ಚೆನ್ನಾಗಿ ನೆನೆದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಹಳದಿ ಆಕ್ಸೈಡ್ ಕಲಸಿ, ಚಿಟಿಕೆಯಷ್ಟು ಕೆಂಪು ಆಕ್ಸೈಡ್ ಸೇರಿಸಿದರೆ ಅಚ್ಚ ಪಾರ್ಚ್‌ಮೆಂಟ್ ಬಣ್ಣ ಬರುತ್ತದೆ. ಈ ಕಬ್ಬಿಣದ ಬಣ್ಣಗಳನ್ನು ಸುಣ್ಣ ಸುಡುವುದಿಲ್ಲ, ಬೇರೆ ಎಷ್ಟೋ ಬಣ್ಣಗಳನ್ನು ಸುಟ್ಟು ಬಿಳಿಚಿಸಿಬಿಡುತ್ತದೆ. ಬಕೆಟ್ಟಿನಲ್ಲಿ ಕಾಣುವ ಬಣ್ಣವನ್ನು ನಂಬಬಾರದು. ಒಣಗಿದ ಮೇಲೆ ಅದು ಬಹಳ ತಿಳಿಯಾಗುತ್ತದೆ. ತೆಳ್ಳಗೆ ಎರಡು ಮೂರು ಸಲ ಹೊಡೆಯಬೇಕು, ಮೊದಲಿನ ಪ್ಲಾಸ್ಟಿಕ್ ಬಣ್ಣವನ್ನು ಕೆರೆದು ತೆಗೆಯದೆ ಹೊಡೆಯಲೇಬಾರದು, ನಿಲ್ಲುವುದಿಲ್ಲ. ಕೆರೆಯುವುದು ಕಷ್ಟದ ಕೆಲಸ, ಪೇಂಟರುಗಳು ಮುಖ ಸಿಂಡರಿಸುತ್ತಾರೆ. ಆದರೂ ಮಾಡಿಸಬೇಕು.

ಗೋಡೆಗೆ ಬಣ್ಣ ಹಚ್ಚಿ ಚಂದ ನೋಡುವ ಆಸೆ ಈ ನಾಡಿಗೆ ಹೊಸದೇನಲ್ಲ. ಕಕ್ಕಬ್ಬೆಯ ಬಳಿ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯ ಗೋಡೆಗಳ ಮೇಲೆ ಇಂದಿಗೂ ಚಿತ್ರಗಳಿವೆ. ಅಷ್ಟು ಮಳೆ ಬೀಳುವ ಮೂಲೆಯಲ್ಲಿ ಇಷ್ಟು ಕಾಲ. ನೋಡದವರು ಹೋಗಿ ನೋಡಬೇಕು.

ಇನ್ನು ಕೊಡವ ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳಲ್ಲಿ ಬಣ್ಣದ ಗೊಡವೆಯೇ ಕಡಿಮೆ. ಮುಂದಿನ ಜಗಲಿಯಾದ ಕೈಯಾಲೆಯ ಕಂಬಗಳ ನಡುವೆ ಐಮರದ ಹಲಗೆ, ತಲೆಮಾರುಗಳು ಕೂತು ಕೂತು ನಯವಾದದ್ದು. ಒಳಗಿನ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುವ ದೀಪ. ಅಲ್ಲಿ ವರ್ಷಕ್ಕೊಮ್ಮೆ ಬರುವ ಅಲಂಕಾರ ಯಾವುದು ಹೇಳಿ? ಹುತ್ತರಿಯ ದಿನ ಮಾವು, ಅಶ್ವತ್ಥ ಮೊದಲಾದ ಐದು ಬಗೆಯ ಎಲೆಗಳನ್ನು ಜೋಡಿಸಿ ನೆರೆ ಕಟ್ಟುತ್ತಾರೆ. ಗದ್ದೆಯಿಂದ "ಪೊಲಿ ಪೊಲಿ ದೇವಾ" ಎನ್ನುತ್ತಾ ತಂದ ಕದಿರನ್ನು ಆ ಎಲೆಗಳೊಂದಿಗೆ ಸೇರಿಸಿ ಬಾಗಿಲಿಗೆ, ಕಂಬಕ್ಕೆ, ದೀಪಕ್ಕೆ ಕಟ್ಟುತ್ತಾರೆ. ಹೊನ್ನಿನ ಬಣ್ಣದ ತೆನೆ, ಪಕ್ಕದಲ್ಲಿ ಹಸಿರೆಲೆ, ಹಿಂದೆ ಕಪ್ಪು ಮರ. ದಿನ ಕಳೆದಂತೆ ಎಲೆಯೂ ಒಣಗಿ ತೆನೆಯ ಬಣ್ಣಕ್ಕೇ ಬರುತ್ತದೆ. ಸೊಸೆಗೆ ಈ ಮಾತು ಹೇಳಿ ಅಕ್ಕ, ಅವಳ ಆಯ್ಕೆ ಹೊರಗಿನದಲ್ಲ ಅಂತ ಗೊತ್ತಾದರೆ ಅವಳಿಗೆ ಸಂತೋಷವಾಗುತ್ತದೆ ಎಂದೆ. ಬಂದ ಸೊಸೆ ಮನೆಯ ಬಣ್ಣ ಆರಿಸುವಷ್ಟು ಮನೆಯನ್ನು ತನ್ನದೆಂದುಕೊಂಡಿದ್ದಾಳಲ್ಲ, ಅದು ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ.

ಹಸಿರು ಬೀಜ್ ಆಗುವುದನ್ನು ನಮ್ಮ ಬೆಳೆಗಳಲ್ಲೇ ನೋಡಬಹುದು. ಬಿಸಿಲಿನಲ್ಲಿ ಒಣಗಿಸಿದ ಏಲಕ್ಕಿ ಹಸಿರು ಕಳೆದುಕೊಂಡು ಬಿಳಿಚುತ್ತದೆ; ಅದಕ್ಕೇ ಗೂಡಿನಲ್ಲಿ ಒಣಗಿಸುವುದು. ಕಾಫಿಯಲ್ಲಿ ಮಾನ್ಸೂನ್ಡ್ ಮಲಬಾರ್ ಅಂತ ಒಂದು ಬಗೆ ಇದೆ. ಕರಾವಳಿಯ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಮಳೆಗಾಲದ ತೇವದ ಗಾಳಿಗೆ ಬೇಳೆಯನ್ನು ಹರಡಿ ವಾರಗಟ್ಟಲೆ ಬಿಡುತ್ತಾರೆ, ಹಸಿರು ಬೇಳೆ ಉಬ್ಬಿ ತಿಳಿ ಹೊಂಬಣ್ಣಕ್ಕೆ ಬರುತ್ತದೆ. ಹಿಂದೆ ಹಾಯಿಹಡಗುಗಳಲ್ಲಿ ತಿಂಗಳುಗಟ್ಟಲೆ ಸಮುದ್ರದ ಗಾಳಿ ಕುಡಿದು ಯುರೋಪು ಮುಟ್ಟುತ್ತಿದ್ದ ಕಾಫಿಗೆ ಆ ಬಣ್ಣ, ಆ ರುಚಿ ತಾನಾಗಿ ಬರುತ್ತಿತ್ತು. ಹಡಗು ವೇಗವಾದ ಮೇಲೆ ಅದನ್ನು ಬೇಕೆಂದೇ ಮಾಡತೊಡಗಿದರು. ಪಾರ್ಚ್‌ಮೆಂಟ್ ಗೋಡೆಗಿಂತ ಒಂದು ಪಟ್ಟು ಗಾಢ ಬಣ್ಣ ಪರದೆಗೆ ಬೇಕಾದರೆ ಆ ಹೊಂಬಣ್ಣವನ್ನು ನೋಡಬಹುದು.

ಪರದೆ ಅಂದಾಗ ನೆನಪಾಯಿತು. ನೆಲ ಮುಟ್ಟುವ ದಪ್ಪ ಪರದೆ ನಮ್ಮ ಮಳೆಗಾಲಕ್ಕೆ ಆಗದು. ಮಡಿಕೆಯೊಳಗೆ ತೇವ ನಿಂತು ಕರಿಚುಕ್ಕೆ ಬೀಳುತ್ತದೆ, ಒಗೆದರೆ ಒಣಗುವುದಿಲ್ಲ. ತೆಳು ಹತ್ತಿ ಬಟ್ಟೆ, ಕಿಟಕಿಯ ಕೆಳಗೆ ಒಂದು ಗೇಣು ಇಳಿದರೆ ಸಾಕು. ಅಗ್ಗಿಷ್ಟಿಕೆಯ ಹತ್ತಿರ ಹಿಡಿದರೂ ಒಣಗುತ್ತದೆ. ವೆಲ್ವೆಟ್ ಸೋಫಾ, ಕಾರ್ಪೆಟ್ ಇವಕ್ಕೂ ಇದೇ ಮಾತು. ಬೆತ್ತದ ಕುರ್ಚಿಯೇ ಬೀಜ್ ಬಣ್ಣದ್ದು, ಗಾಳಿ ಆಡುತ್ತದೆ. ಅದರ ಮೇಲೆ ಹಸಿರು ಹತ್ತಿ ದಿಂಬು ಇಟ್ಟರೆ ಸೊಸೆಯ ಚಿತ್ರ ಅಲ್ಲಿಗೇ ಮುಗಿಯಿತು. ಹಳೆಯ ರೋಬಸ್ಟಾ ಕಿತ್ತಾಗ ಸಿಕ್ಕಿದ ಕಾಫಿ ಬೊಡ್ಡೆ ಅಕ್ಕನ ಕೊಟ್ಟಿಗೆಯ ಹಿಂದೆ ಬಿದ್ದಿದೆ. ಅದನ್ನು ತೊಳೆದು, ಒಣಗಿಸಿ, ಮೇಲೆ ಗಾಜು ಕೂರಿಸಿದರೆ ಟೀಪಾಯಿ. ಅದಕ್ಕೆ ವಾರ್ನಿಷ್ ಬೇಡ, ಬೇರಿನ ಬಣ್ಣ ಹಾಗೇ ಇರಲಿ. ಗಿಡದ ಕುಂಡ ಜಗಲಿಯಲ್ಲೇ ಇರಲಿ. ಮಳೆಗಾಲದಲ್ಲಿ ಒಳಗಿನ ಥಂಡಿಗೆ ಇನ್ನಷ್ಟು ಥಂಡಿ ಸೇರಿಸುವುದು ಬೇಡ. ಮರದ ಮೇಲಿನ ಸೀತಾಳೆ ದಂಡೆಯನ್ನು ಕಿತ್ತು ತಂದು ಹಾಲ್‌ನಲ್ಲಿ ನೇತುಹಾಕುವವರಿದ್ದಾರೆ. ದಯವಿಟ್ಟು ಬೇಡ. ಅದು ಇರಬೇಕಾದ್ದು ಮರದ ಮೇಲೆ.

"ಫೋಟೊಗಳು ಏನು ಮಾಡೋದು? ತೆಗೆದು ಒಳಗಿಡಬೇಕಂತೆ" ಅಂದರು ಅಕ್ಕ, ದನಿ ತುಸು ಇಳಿಸಿ.

ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಅವರ ಹಾಲ್‌ನಲ್ಲಿ ಎರಡು ಫೋಟೊ ಇವೆ. ಒಂದರಲ್ಲಿ ಅವರ ಮಾವ ಕೊಡವರ ಕರಿ ನಿಲುವಂಗಿ ಕುಪ್ಯ ತೊಟ್ಟು, ಸೊಂಟಕ್ಕೆ ಕೆಂಪು ಚೇಲೆ ಕಟ್ಟಿ, ಪೀಚೆಕತ್ತಿ ಸಿಕ್ಕಿಸಿಕೊಂಡು ನಿಂತಿದ್ದಾರೆ. ಇನ್ನೊಂದರಲ್ಲಿ ಯಜಮಾನರು ಸೇನೆಯ ಆಲಿವ್ ಹಸಿರು ಸಮವಸ್ತ್ರದಲ್ಲಿ, ತರುಣ. ಪಾರ್ಚ್‌ಮೆಂಟ್ ಗೋಡೆಯ ಮೇಲೆ ಕುಪ್ಯದ ಕಪ್ಪು ಹೇಗೆ ಎದ್ದು ಕಾಣುತ್ತದೆ ಯೋಚಿಸಿ. ಆ ಸಮವಸ್ತ್ರದ ಹಸಿರಂತೂ ಹುಡುಕಿದರೂ ಸಿಗದ ಹಸಿರು. ಕೊಡಗಿನಲ್ಲಿ ಇಂಥ ಫೋಟೊ ಇಲ್ಲದ ಬೀದಿ ಇಲ್ಲ. ಮಡಿಕೇರಿಯ ಸನ್ನಿ ಸೈಡ್, ಜನರಲ್ ತಿಮ್ಮಯ್ಯನವರ ಮನೆ, 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಒಂದು ಮನೆಯ ಗೋಡೆಗೆ ಅಲ್ಲಿ ಬಾಳಿದವರೇ ಶೋಭೆ ಎಂಬುದು ಅಲ್ಲಿ ಹೋದರೆ ಮನಸ್ಸಿಗೆ ತಟ್ಟುತ್ತದೆ. ಅಕ್ಕನ ಮನೆಯ ಎರಡು ಫೋಟೊಗಳೂ ಅಲ್ಲೇ ಇರಬೇಕು, ಹಸಿರು ಗೋಡೆ ಬರಬೇಕೆಂದಿದ್ದ ಜಾಗದಲ್ಲೇ.

ದೊಡ್ಡ ಹಾಲ್ ಇದ್ದವರಿಗೆ ಮಾತ್ರ ಈ ಮಾತು ಅಂದುಕೊಳ್ಳಬಾರದು. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮನೆ ಕಳೆದುಕೊಂಡವರಿಗೆ ಕರ್ಣಂಗೇರಿ, ಮದೆನಾಡು, ಜಂಬೂರಿನಲ್ಲಿ ಹೊಸ ಮನೆಗಳಾದವು. ಹಳೆಯ ಮನೆಯ ಕಂಬ, ತೊಲೆ, ಫೋಟೊ ಎಲ್ಲ ಮಣ್ಣಿನಡಿ ಹೋದವರು ಅವರಲ್ಲಿದ್ದಾರೆ. ಅಂಥವರು ಪುಟ್ಟ ಹಾಲ್‌ನ ಗೋಡೆಗೆ ತಮಗೆ ಬೇಕಾದ ಬಣ್ಣ ಆರಿಸಿ ಹಚ್ಚಿಕೊಂಡರೆ ಅದನ್ನು ಶೋಕಿ ಅನ್ನಬಾರದು. ಹೊಸ ಸಿಮೆಂಟ್ ಗೋಡೆಗೆ ಎಮಲ್ಷನ್ ನಡೆಯುತ್ತದೆ. ಬೆಚ್ಚಗಿನ ಬೀಜ್ ನಾಲ್ಕೂ ಗೋಡೆಗೆ, ಮಾಡಿಗೆ ಬಿಳಿ, ಬಾಗಿಲಿಗೆ ಹಸಿರು. ಚಿಕ್ಕ ಕೋಣೆ ಉಸಿರಾಡುತ್ತದೆ.

ಮಳೆ ಮತ್ತೆ ಹಿಡಿಯುವ ಹೊತ್ತಿಗೆ ನಾವಿಬ್ಬರೂ ಒಂದು ತೀರ್ಮಾನಕ್ಕೆ ಬಂದಿದ್ದೆವು. ಹಸಿರು ಗೋಡೆ ಇಲ್ಲ. ಸುಣ್ಣದಲ್ಲಿ ಪಾರ್ಚ್‌ಮೆಂಟ್ ಬಣ್ಣ, ಕಿಟಕಿ ಬಾಗಿಲಿಗೆ ಕಾಫಿ ಎಲೆಯ ಹಸಿರು. ಹುತ್ತರಿಗೆ ಮುಂಚೆ ಬಳಿಸುವುದೋ ಬೇಡವೋ ಎಂಬುದನ್ನು ಗೋಡೆಯೇ ಹೇಳಲಿ: ತುಲಾ ಮಳೆ ಕಳೆದ ಮೇಲೆ ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ಕನ್ನು ಒಂದು ಮೊಳ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಗೋಡೆಗೆ ಹಚ್ಚಿ ಒಂದು ದಿನ ಬಿಡುವುದು. ಒಳಗೆ ನೀರಿನ ಹನಿ ಕಟ್ಟಿದ್ದರೆ ಗೋಡೆ ಇನ್ನೂ ಹಸಿ, ಕೊಯ್ಲು ಮುಗಿದು ಬಿಸಿಲು ಬಲಿಯುವವರೆಗೆ ಕಾಯಬೇಕು. ಹುತ್ತರಿಗೆ ಬಂದವರು ಹಳೆಯ ಗೋಡೆ ನೋಡಿದರೆ ಏನೂ ಕಡಿಮೆಯಾಗುವುದಿಲ್ಲ.

ಮಳೆ ಸೀಮೆಯಲ್ಲಿ ಮನೆ ಇರುವ ಎಲ್ಲರಲ್ಲೂ ನನ್ನದೊಂದು ಬಿನ್ನಹ. ಬಣ್ಣ ಆರಿಸುವ ಕೆಲಸವನ್ನು ಏಪ್ರಿಲಿಗೆ ಇಡಬೇಡಿ, ಮಳೆಗಾಲದಲ್ಲೇ ಮಾಡಿ. ಚಿಕ್ಕ ಡಬ್ಬ ತಂದು ಕಿಟಕಿಯ ಎದುರು ಗೋಡೆಗೆ ಎರಡಡಿ ಉದ್ದ, ಎರಡಡಿ ಅಗಲ ಬಳಿಯಿರಿ. ಬೆಳಿಗ್ಗೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ, ದೀಪ ಹಾಕಿದ ಮೇಲೆ ಒಮ್ಮೆ ನೋಡಿ. ಮೂರು ಹೊತ್ತಿನಲ್ಲೂ ಮನಸ್ಸಿಗೆ ಬಂದರೆ ಅದರ ಹೆಸರು, ಸಂಖ್ಯೆ ಬರೆದಿಟ್ಟುಕೊಳ್ಳಿ, ಗೋಡೆ ಒಣಗಿದ ಮೇಲೆ ಪೇಂಟರನ್ನು ಕರೆಯಿರಿ.